ಹಳೆಯ ಪ್ಯಾರಿಸ್‌ನ ಬೀದಿಗಳನ್ನು ಉಳಿಸಿಕೊಟ್ಟ ಯುಜೀನ್ ಅಟ್ಜೆ

ಪ್ಯಾರಿಸ್ ಎಂದೊಡನೆ ನಮಗೆ ನೆನಪಾಗುವುದು ಐಫೆಲ್ ಗೋಪುರ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ನಗರದ ಬೀದಿ ಬೀದಿ ಸುತ್ತಿ, ಎಂಟು ಸಾವಿರಕ್ಕೂ ಮಿಕ್ಕಿ ಫೋಟೊಗಳನ್ನು ತೆಗೆದ ಯುಜೀನ್ ಅಟ್ಜೆ ಅವರಿಗೆ ಆ ಗೋಪುರದ ಮೇಲೆ ಆಸಕ್ತಿಯೇ ಇರಲಿಲ್ಲ. ಅವರ ಕ್ಯಾಮೆರಾ ನಿಂತದ್ದು ಹಳೆಯ ಮನೆಗಳ ಬಾಗಿಲ ಮುಂದೆ, ಸವೆದ ಮೆಟ್ಟಿಲುಗಳ ಮುಂದೆ, ಇಕ್ಕಟ್ಟಾದ ಓಣಿಗಳಲ್ಲಿ. ಇಂದು ಬೀದಿಯ ಛಾಯಾಚಿತ್ರಣದ ಮಾತು ಬಂದರೆ ಮೊದಲು ಹೇಳುವ ಹೆಸರುಗಳಲ್ಲಿ ಅವರದೂ ಒಂದು. ಆದರೆ ಬದುಕಿರುವಾಗ ಅವರಿಗೆ ಆ ಹೆಸರು ಸಿಗಲಿಲ್ಲ.

ಅಟ್ಜೆ 1857ರ ಫೆಬ್ರವರಿ 12ರಂದು ದಕ್ಷಿಣ ಫ್ರಾನ್ಸಿನ ಬೋರ್ಡೋ ನಗರದ ಹತ್ತಿರದ ಲಿಬೂರ್ನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಕುದುರೆಗಾಡಿಗಳನ್ನು ಮಾಡುವ ಕಸುಬಿನವರು. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗನನ್ನು ಅಜ್ಜ ಅಜ್ಜಿ ಸಾಕಿದರು. ಓದು ಮುಗಿದ ಮೇಲೆ ಕೆಲಕಾಲ ಹಡಗಿನಲ್ಲಿ ದುಡಿದರು. ಮನಸ್ಸಿದ್ದದ್ದು ನಾಟಕದಲ್ಲಿ. ಪ್ಯಾರಿಸ್‌ನ ನಾಟಕಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದರು. ಎರಡನೆಯ ಸಲ, 1879ರಲ್ಲಿ, ಸೀಟು ಸಿಕ್ಕಿತು. ಆದರೆ ಅದೇ ಸಮಯದಲ್ಲಿ ಕಡ್ಡಾಯ ಸೈನಿಕ ಸೇವೆಯನ್ನೂ ಮಾಡಬೇಕಿತ್ತು. ಎರಡನ್ನೂ ತೂಗಿಸಲಾಗದೆ 1881ರಲ್ಲಿ ಶಾಲೆಯಿಂದ ಹೊರಬೀಳಬೇಕಾಯಿತು. ಆಮೇಲೆ ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. ಬಾಳಸಂಗಾತಿಯಾದ ನಟಿ ವಾಲಂಟೀನ್ ಅವರ ಪರಿಚಯವಾದದ್ದೂ ಅಲ್ಲಿಯೇ. 1887ರ ಹೊತ್ತಿಗೆ ಗಂಟಲಿನ ಕಾಯಿಲೆ ಬಂದು ಆ ದಾರಿಯೂ ಮುಚ್ಚಿತು.

ಮೂವತ್ತು ದಾಟಿದ ವಯಸ್ಸು, ಕೈಯಲ್ಲಿ ಕೆಲಸವಿಲ್ಲ. ಆಗ ಅಟ್ಜೆ ಕ್ಯಾಮೆರಾ ಹಿಡಿದರು. ಅವರಿಗೆ ಫೋಟೊ ಕಲಿಸಿದ ಗುರುವಿರಲಿಲ್ಲ, ತಮ್ಮದೇ ಸ್ಟುಡಿಯೊ ಇರಲಿಲ್ಲ. ಫೋಟೊಗಳನ್ನು ಮಸುಕಾಗಿಸಿ ಪೇಂಟಿಂಗಿನಂತೆ ಕಾಣಿಸುವುದೇ ಕಲೆ ಎಂದು ನಂಬಿದ್ದ ಅಂದಿನ ಛಾಯಾಗ್ರಾಹಕರ ಕೂಟಗಳಿಂದಲೂ ಅವರು ದೂರವೇ ಉಳಿದರು. 1890ರ ಸುಮಾರಿಗೆ ಪ್ಯಾರಿಸ್‌ಗೆ ಮರಳಿ, ಕಲಾವಿದರಿಗೆ ಬೇಕಾದ ದಾಖಲೆಗಳು ಇಲ್ಲಿ ಸಿಗುತ್ತವೆ ಎಂದು ಮನೆ ಬಾಗಿಲಿಗೆ ಒಂದು ಬೋರ್ಡು ಹಾಕಿದರು. ಮರ, ಹೂವು, ಕಟ್ಟಡಗಳ ಫೋಟೊ ತೆಗೆದು ಚಿತ್ರಕಾರರಿಗೆ ನೋಡಿ ಬರೆಯಲು ಮಾರುವುದು ಅವರ ಜೀವನೋಪಾಯವಾಯಿತು.

ಆ ಕಾಲದಲ್ಲಿ ಪ್ಯಾರಿಸ್ ಬದಲಾಗುತ್ತಿತ್ತು. 1853ರಿಂದ ಓಸ್ಮಾನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಹಳೆಯ ಓಣಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಮಾಡಲಾಗಿತ್ತು. ಅವರ ಕಾಲ ಮುಗಿದ ಮೇಲೂ ಕೆಡವುವ ಕೆಲಸ ನಿಲ್ಲಲಿಲ್ಲ. ಉಳಿದದ್ದೂ ಹೋಗುವ ಮೊದಲು ಅದನ್ನು ದಾಖಲಿಸಬೇಕೆಂದು 1897ರ ಸುಮಾರಿಗೆ ಅಟ್ಜೆ ನಿಶ್ಚಯಿಸಿದರು. ಅಂದಿನಿಂದ ಅದೇ ಅವರ ಬದುಕಿನ ಕೆಲಸವಾಯಿತು.

ಆ ಕೆಲಸ ಸುಲಭದ್ದಾಗಿರಲಿಲ್ಲ. ಅವರದು ಮರದ ದೊಡ್ಡ ಕ್ಯಾಮೆರಾ. ಒಂದೊಂದು ಫೋಟೊಗೂ 18×24 ಸೆಂಟಿಮೀಟರಿನ ಒಂದೊಂದು ಗಾಜಿನ ಫಲಕ ಬೇಕು. ಕ್ಯಾಮೆರಾ, ಫಲಕಗಳು, ಮೂರು ಕಾಲಿನ ಸ್ಟ್ಯಾಂಡು ಎಲ್ಲವನ್ನೂ ತಾವೇ ಹೊತ್ತು ನಸುಕಿನಲ್ಲೇ ಹೊರಡುತ್ತಿದ್ದರು. ಆಗ ಬೀದಿಯಲ್ಲಿ ಜನ ಕಡಿಮೆ, ಬೆಳಕು ಮೃದು. ಬೆಳಕು ಫಲಕದ ಮೇಲೆ ಬೀಳಲು ಕೆಲವು ಸೆಕೆಂಡು ಹಿಡಿಯುತ್ತಿದ್ದುದರಿಂದ ಆ ನಡುವೆ ಹಾದುಹೋದವರು ಫೋಟೊದಲ್ಲಿ ಮಂಜಿನಂತೆ ಕಾಣುತ್ತಾರೆ. ಮನೆಗೆ ಬಂದು ಫಲಕವನ್ನು ತೊಳೆದು, ಅದರಡಿ ಕಾಗದವಿಟ್ಟು ಬಿಸಿಲಿಗೆ ಒಡ್ಡಿ ಪ್ರಿಂಟ್ ತೆಗೆದು, ನಂಬರು ಹಾಕಿ, ಸ್ಥಳದ ಹೆಸರು ಬರೆದಿಡುತ್ತಿದ್ದರು.

ಅವರು ಕಂಡದ್ದಾದರೂ ಏನು? ಮಹಡಿ ಮೆಟ್ಟಿಲಿನ ಕಬ್ಬಿಣದ ಕಂಬಿಯ ಬಳ್ಳಿಯಂಥ ತಿರುವು. ಬಾಗಿಲು ತಟ್ಟುವ ಹಿತ್ತಾಳೆಯ ಬಳೆ. ಅಂಗಡಿ ಮುಂದೆ ತೂಗಿದ ಬುಟ್ಟಿಗಳು, ಸಾಲಾಗಿಟ್ಟ ಬೂಟುಗಳು. ದೀಪದ ಬುರುಡೆಗೆ ಹಾಕುವ ಮುಸುಕುಗಳನ್ನು ಹೊತ್ತು ಮಾರುವವನು. ಬೀದಿಯಲ್ಲಿ ವಾದ್ಯ ತಿರುಗಿಸುವ ಮುದುಕ, ಅವನ ಪಕ್ಕ ಮುಖವೆತ್ತಿ ನಗುತ್ತ ಹಾಡುವ ಪುಟ್ಟ ಹೆಂಗಸು. ನಗರದ ಕೋಟೆಯಾಚೆ ಗುಡಿಸಲು ಹಾಕಿಕೊಂಡಿದ್ದ ಚಿಂದಿ ಆಯುವವರು. 1925ರಲ್ಲಿ ತೆಗೆದ ಒಂದು ಬಟ್ಟೆ ಅಂಗಡಿಯ ಫೋಟೊದಲ್ಲಿ ಗಾಜಿನೊಳಗಿನ ಗೊಂಬೆಗಳೂ ಗಾಜಿನ ಮೇಲೆ ಬಿದ್ದ ಎದುರು ಬೀದಿಯ ಪ್ರತಿಬಿಂಬವೂ ಬೆರೆತುಹೋಗಿವೆ. ದಿನವೂ ಆ ದಾರಿಯಲ್ಲಿ ಓಡಾಡುವ ಸಾವಿರಾರು ಜನರಿಗೆ ಕಾಣದ ನೋಟ ಅದು.

ಗ್ರಂಥಾಲಯಗಳೂ ವಸ್ತುಸಂಗ್ರಹಾಲಯಗಳೂ ಪ್ರಿಂಟ್‌ಗಳನ್ನು ಕೊಂಡವು. ಹಾಗಿದ್ದರೂ ಬಡತನ ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ವಾಲಂಟೀನ್ ಅವರ ಮಗ ತೀರಿಕೊಂಡರು. ಫೋಟೊ ಕೆಲಸ ಬಹುಮಟ್ಟಿಗೆ ನಿಂತಿತು. ಗಾಜಿನ ಫಲಕಗಳ ಗತಿಯೇನೆಂಬ ಚಿಂತೆ ಅಟ್ಜೆ ಅವರನ್ನು ಕಾಡತೊಡಗಿತು. ಕೊನೆಗೆ 1920ರಲ್ಲಿ 2,621 ಫಲಕಗಳನ್ನು ಫ್ರಾನ್ಸ್ ಸರ್ಕಾರಕ್ಕೆ 10,000 ಫ್ರಾಂಕಿಗೆ ಮಾರಿದರು. ಆ ಹಣ ಅವರಿಗೆ ಸ್ವಲ್ಪ ಬಿಡುವು ಕೊಟ್ಟಿತು. ಅರವತ್ತು ದಾಟಿದ್ದ ಅವರು ವಿಶ್ರಾಂತಿ ಪಡೆಯದೆ ಮತ್ತೆ ಕ್ಯಾಮೆರಾ ಹೊತ್ತು ಉದ್ಯಾನಗಳತ್ತ, ಬೀದಿಗಳತ್ತ ನಡೆದರು.

ಅವರದೇ ಬೀದಿಯಲ್ಲಿದ್ದ ಅಮೆರಿಕದ ಕಲಾವಿದ ಮ್ಯಾನ್ ರೇ ಈ ಫೋಟೊಗಳ ವಿಶೇಷ ಗುರುತಿಸಿ, 1926ರಲ್ಲಿ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ತಮ್ಮ ಹೆಸರು ಹಾಕಬಾರದೆಂದು ಅಟ್ಜೆ ಕೇಳಿಕೊಂಡರು. ಅವರ ಮಟ್ಟಿಗೆ ಅವು ದಾಖಲೆಗಳಷ್ಟೇ. ಅದೇ ವರ್ಷ ವಾಲಂಟೀನ್ ತೀರಿಕೊಂಡರು. ಮ್ಯಾನ್ ರೇ ಬಳಿ ಕೆಲಸ ಕಲಿತ ಬೆರೆನೀಸ್ ಅಬಟ್ ಎಂಬ ಯುವತಿ 1927ರಲ್ಲಿ ಅಟ್ಜೆ ಅವರ ಭಾವಚಿತ್ರ ತೆಗೆದರು. ಅದನ್ನು ತೋರಿಸಲು ಅವರ ಮನೆಗೆ ಹೋದಾಗ ಅಟ್ಜೆ ಆಗಲೇ ಇಲ್ಲವಾಗಿದ್ದರು. ಅವರು ತೀರಿಕೊಂಡದ್ದು ಆ ವರ್ಷದ ಆಗಸ್ಟ್ 4ರಂದು.

ಉಳಿದ ಫಲಕಗಳು, ಪ್ರಿಂಟ್‌ಗಳು ಎಲ್ಲಿ ಹಾಳಾಗುವವೋ ಎಂದು ಅಬಟ್ ಚಡಪಡಿಸಿದರು. ಅಟ್ಜೆ ಅವರ ಗೆಳೆಯರನ್ನು ಹುಡುಕಿ ಹಿಡಿದು, 1928ರಲ್ಲಿ ಅವುಗಳಲ್ಲಿ ಬಹಳಷ್ಟನ್ನು ಕೊಂಡು, ಬಳಿಕ ನ್ಯೂಯಾರ್ಕ್‌ಗೆ ಒಯ್ದು ನಲವತ್ತು ವರ್ಷ ಕಾಪಾಡಿದರು. 1968ರಲ್ಲಿ ಅಲ್ಲಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಆ ಸಂಗ್ರಹವನ್ನು ಕೊಂಡಿತು. ಅಟ್ಜೆ ಅವರಿಂದ ಪ್ರೇರಣೆ ಪಡೆದ ಅಬಟ್, ಬದಲಾಗುತ್ತಿದ್ದ ನ್ಯೂಯಾರ್ಕ್ ನಗರವನ್ನೂ ಅದೇ ಶ್ರದ್ಧೆಯಿಂದ ಫೋಟೊಗಳಲ್ಲಿ ದಾಖಲಿಸಿದರು.

ವಿದ್ಯಾರ್ಥಿ ಮಿತ್ರರೇ, ಅಟ್ಜೆ ಅವರು ಹೊತ್ತ ಕ್ಯಾಮೆರಾಕ್ಕಿಂತ ಹಗುರವಾದದ್ದು ಇಂದು ನಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿದೆ. ಅವರಲ್ಲಿದ್ದದ್ದು ನಿಂತು ನೋಡುವ ತಾಳ್ಮೆ, ನೋಡಿದ್ದನ್ನು ಸ್ಥಳ, ಸಂಖ್ಯೆ ಸಮೇತ ಬರೆದಿಡುವ ಶಿಸ್ತು. ನಾವು ದಿನವೂ ಕಾಲೇಜಿಗೆ ಬರುವ ದಾರಿಯಲ್ಲೂ ಹಳೆಯ ಬಾಗಿಲೊಂದು, ಕಸುಬುದಾರನ ಅಂಗಡಿಯೊಂದು ಇರಬಹುದು. ಹತ್ತು ವರ್ಷದ ನಂತರವೂ ಅದು ಅಲ್ಲೇ ಇರುತ್ತದೆಂದು ಹೇಳಲಾಗದು. ಕೇಳಿ, ಒಪ್ಪಿಗೆ ಪಡೆದು ಅದರದೊಂದು ಫೋಟೊ ತೆಗೆಯಿರಿ. ಕೆಳಗೆ ಬೀದಿಯ ಹೆಸರು, ತಾರೀಖು ಬರೆಯಲು ಮರೆಯದಿರಿ.