ಅಂಕಿಗಳಲ್ಲಿ ಹಾರ ಕಟ್ಟಿದ ಮಹಾವೀರಾಚಾರ್ಯರು

ಈ ತಿಂಗಳ ಮಹನೀಯರ ಪರಿಚಯಕ್ಕೆ ಕವಿಗಳನ್ನು ಬಿಟ್ಟು ಗಣಿತಜ್ಞರೊಬ್ಬರನ್ನು ಆರಿಸಿಕೊಂಡಿದ್ದೇವೆ.

ಮಹಾವೀರಾಚಾರ್ಯರು 9ನೆಯ ಶತಮಾನದ ಜೈನ ವಿದ್ವಾಂಸರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯ ಪಡೆದವರು. ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ನಮ್ಮ ಮಡಕಶಿರಾ ಕಡೆಯ ಹೇಮಾವತಿಯಲ್ಲಿ ಆಗ ನೊಳಂಬರ ಆಳ್ವಿಕೆ. ಸುಮಾರು ಕ್ರಿ.ಶ. 850ರಲ್ಲಿ ಆಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಆ ಕಾಲಕ್ಕೆ ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿರುತ್ತಿತ್ತು. ಇವರು ಇಡೀ ಪುಸ್ತಕವನ್ನೇ ಅದಕ್ಕೆ ಮೀಸಲಿಟ್ಟರು. ಬಡ್ಡಿ, ಚಿನ್ನದ ಬೆರಕೆ, ಹೊಲದ ಅಳತೆ, ನೆರಳಿನ ಲೆಕ್ಕ, ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದೆಂಬ ಲೆಕ್ಕ (63 ಬಗೆ), ಎಲ್ಲವೂ ಅದರಲ್ಲಿವೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗುಣಾಕಾರದ ಭಾಗ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಆಚಾರ್ಯರು ಹುಡುಕಿ, ಕೊರಳ ಹಾರಕ್ಕೆ ಹೋಲಿಸಿದ್ದಾರೆ. 139 × 109 = 15151. ಈ 139, 109 ಎರಡೂ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗವು. 152207 × 73 ಮಾಡಿದರೆ ಸಾಲಾಗಿ ಎಂಟು ಒಂದುಗಳು. 73 ಕೂಡ ಅವಿಭಾಜ್ಯವೇ. ಎಂಟನ್ನು ಬಿಟ್ಟು ಬರೆದ 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 27994681 × 441 = 12345654321. ಇದನ್ನು ನಾವು ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದೆವು. ಮೂವತ್ತು ವರ್ಷ ಗುಮಾಸ್ತರಾಗಿ ಲೆಜರ್ ಕೂಡಿದವರು ನಾವು, ನಮ್ಮ ಮೊತ್ತಗಳಲ್ಲಿ ಒಂದೂ ಹಾರವಾಗಲಿಲ್ಲ!

ಋಣಸಂಖ್ಯೆಗೆ ವರ್ಗಮೂಲ ಇಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ಮಾತ್ರ ತಪ್ಪಿದರು. ಅದನ್ನು ಮುಚ್ಚಿಟ್ಟು ಹೊಗಳುವುದು ನಮಗೆ ಸರಿ ಕಾಣದು.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ ಬಂದದ್ದು 2000ದಲ್ಲಿ. ಕನ್ನಡ ದೊರೆಯ ಆಸ್ಥಾನದ ಪುಸ್ತಕ ನೆರೆಮನೆಯ ತೆಲುಗಿಗೆ ಅಷ್ಟು ಬೇಗ ಹೋಯಿತು, ನಮ್ಮ ಕೈಗೆ ಇಷ್ಟು ತಡವಾಗಿ ಸಿಕ್ಕಿತು. ಎರಡೂ ಭಾಷೆ ಆಡುವ ನಮಗೆ ಇದರಿಂದ ಒಂದು ಕಣ್ಣಿಗೆ ಸಂತೋಷ, ಇನ್ನೊಂದಕ್ಕೆ ನಾಚಿಕೆ.

ಮುಂದಿನ ಮಕ್ಕಳ ಕೂಟಕ್ಕೆ ಬರುವವರು ಪೆನ್ಸಿಲ್, ಕಾಗದ ತರಬೇಕು. ತಾವೇ ಹುಡುಕಿದ ಒಂದು ಹಾರವನ್ನೂ ಬರೆದು ತರಬೇಕು. ಕ್ಯಾಲ್ಕುಲೇಟರ್ ಬೇಡ.