ಕರೆಂಟ್ ಕೊಡುವ ಡೈನಮೊಗೆ ಮೊದಲು ಕರೆಂಟ್ ಯಾಕೆ ಬೇಕು? ಮೈಕೆಲ್ ಫ್ಯಾರಡೆಯ ಬದುಕಿನಲ್ಲಿದೆ ಉತ್ತರ

ಹಳೆಯ ಫಿಯೆಟ್ ಕಾರಿನಲ್ಲಿ ಚಂದ್ರವಳ್ಳಿ ನೋಡಲು ಹೊರಟಿದ್ದೀರಿ ಎಂದುಕೊಳ್ಳಿ. ಚಿತ್ರದುರ್ಗ ಸೇರುವ ಹೊತ್ತಿಗೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತಲೇ ಇಲ್ಲ. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದರ್ಥ. ಹೆದ್ದಾರಿ ಬದಿಯ ಆಟೋ ಎಲೆಕ್ಟ್ರಿಷಿಯನ್ ಡೈನಮೊ ಇಳಿಸಿ ಬಿಚ್ಚುತ್ತಾರೆ. ಆರ್ಮೇಚರ್ ಒರೆಸಿ, ಸವೆದ ಕಾರ್ಬನ್ ಬ್ರಶ್ ಬದಲಿಸಿ, ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವೆ ಮೇಲೆದ್ದ ಅಭ್ರಕವನ್ನು ಕೆರೆದು ತಗ್ಗಿಸಿ, ಎಲ್ಲವನ್ನೂ ಮತ್ತೆ ಜೋಡಿಸುತ್ತಾರೆ. ಬೆಲ್ಟ್ ಬಿಗಿಯಾಗಿದೆ, ಇಂಜಿನ್ ಓಡುತ್ತಿದೆ, ಡೈನಮೊ ತಿರುಗುತ್ತಿದೆ. ದೀಪ ಮಾತ್ರ ಆರಿಲ್ಲ.

ಆಗ ಅವರು ಇಂಜಿನ್ ನಿಲ್ಲಿಸಿ, ಡೈನಮೊದ ಫೀಲ್ಡ್ ತುದಿಗೆ ಹೋಗುವ ತಂತಿ ಬಿಚ್ಚಿ, ಬ್ಯಾಟರಿಯಿಂದ ತಂದ ಇನ್ನೊಂದು ತಂತಿಯನ್ನು ಆ ತುದಿಗೆ ಒಂದು ಕ್ಷಣ ಮುಟ್ಟಿಸುತ್ತಾರೆ. ಚಟ್ ಎಂದು ಸಣ್ಣ ಕಿಡಿ. ಬಿಚ್ಚಿದ ತಂತಿಯನ್ನು ಮತ್ತೆ ಸಿಕ್ಕಿಸಿ ಇಂಜಿನ್ ಶುರು ಮಾಡಿದರೆ ದೀಪ ಆರುತ್ತದೆ!

ಕರೆಂಟ್ ಕೊಡಬೇಕಾದ ಯಂತ್ರಕ್ಕೇ ಮೊದಲು ಕರೆಂಟ್ ಕೊಡುವುದೇ? ಇದು ಮೆಕ್ಯಾನಿಕ್‌ಗಳ ಮೂಢನಂಬಿಕೆಯಲ್ಲ. ಅದು ಯಾಕೆ ಬೇಕು ಎಂದು ತಿಳಿಯಲು ಲಂಡನ್ನಿನ ಒಬ್ಬ ಕಮ್ಮಾರನ ಮಗನ ಹತ್ತಿರ ಹೋಗಬೇಕು.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು. ಮನೆಯಲ್ಲಿ ಬಡತನ. ಓದು, ಬರಹ, ಒಂದಿಷ್ಟು ಲೆಕ್ಕ ಕಲಿಯುವಷ್ಟಕ್ಕೆ ಶಾಲೆ ಮುಗಿಯಿತು. 13ನೇ ವಯಸ್ಸಿಗೆ ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮುಂದೆ ಅಲ್ಲೇ ಏಳು ವರ್ಷ ಪುಸ್ತಕ ಕಟ್ಟುವುದನ್ನು ಕಲಿತ. ಕಟ್ಟಲು ಬಂದ ಪುಸ್ತಕಗಳನ್ನು ಓದುವುದೇ ಆತನ ಓದು. ವಿಶ್ವಕೋಶವೊಂದರಲ್ಲಿದ್ದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಪುಸ್ತಕ ಆತನ ತಲೆ ಕೆಡಿಸಿದವು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ಚೆಂದವಾಗಿ ಪುಸ್ತಕ ಕಟ್ಟಿ ಡೇವಿಗೇ ಕಳಿಸಿದ. ಕೈಕಸುಬು ಇಲ್ಲೂ ಉಪಯೋಗಕ್ಕೆ ಬಂತು! ಕೆಲವು ತಿಂಗಳ ನಂತರ ಅಲ್ಲಿನ ಪ್ರಯೋಗಾಲಯದ ಸಹಾಯಕ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡಾಗ ಆ ಜಾಗ ಫ್ಯಾರಡೆಗೆ ಸಿಕ್ಕಿತು. ಅದು 1813ರ ಮಾರ್ಚ್. ಅದೇ ವರ್ಷ ಡೇವಿ ದಂಪತಿಗಳ ಜೊತೆ ಯುರೋಪ್ ಪ್ರವಾಸ ಹೊರಟ ಆತ ಆಳಿನ ಕೆಲಸವನ್ನೂ ಮಾಡಬೇಕಾಯಿತು. ಡೇವಿಯ ಹೆಂಡತಿ ಆತನನ್ನು ಆಳಿನಂತೆಯೇ ನಡೆಸಿಕೊಂಡಳು.

ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ತೋರಿಸಿದ್ದ. ಮರುವರ್ಷ ಫ್ಯಾರಡೆ ಪಾದರಸದ ಬಟ್ಟಲಿನಲ್ಲಿ, ಆಯಸ್ಕಾಂತದ ಸುತ್ತ, ವಿದ್ಯುತ್ ಹರಿಯುವ ತಂತಿ ತಾನಾಗಿ ಸುತ್ತುವಂತೆ ಮಾಡಿದ. ಮೋಟಾರಿನ ಮೊದಲ ರೂಪ ಇದು. ಇದರಿಂದ ಹೆಸರು ಬಂತು, ಜೊತೆಗೆ ಬೇರೆಯವರ ವಿಚಾರ ಕದ್ದನೆಂಬ ಅಪವಾದವೂ ಬಂತು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾಗಿದ್ದು ತನ್ನ ಗುರು ಡೇವಿಯ ವಿರೋಧದ ನಡುವೆ.

ವಿದ್ಯುತ್ತಿನಿಂದ ಆಯಸ್ಕಾಂತ ಆಗುವುದಾದರೆ ಆಯಸ್ಕಾಂತದಿಂದ ವಿದ್ಯುತ್ ಯಾಕಾಗಬಾರದು? ಈ ಪ್ರಶ್ನೆಗೆ ಉತ್ತರ ಸಿಗಲು ಹತ್ತು ವರ್ಷ ಬೇಕಾಯಿತು. 1831ರ ಆಗಸ್ಟ್ 29ರಂದು ಆತ ಸುಮಾರು 6 ಅಂಗುಲದ ಕಬ್ಬಿಣದ ಬಳೆಯ ಎರಡು ಕಡೆ ಬೇರೆ ಬೇರೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿದ. ಇನ್ನೊಂದರಲ್ಲಿ ವಿದ್ಯುತ್ ಕಂಡಿತು, ಆದರೆ ಜೋಡಿಸುವಾಗ ಮತ್ತು ಬಿಚ್ಚುವಾಗ ಮಾತ್ರ. ನಡುವಿನ ಹೊತ್ತಿನಲ್ಲಿ ಏನೂ ಇಲ್ಲ. ಅಕ್ಟೋಬರಿನಲ್ಲಿ ತಂತಿಯ ಸುರುಳಿಯೊಳಗೆ ಆಯಸ್ಕಾಂತವನ್ನು ತಳ್ಳಿ, ಎಳೆದು ನೋಡಿದಾಗಲೂ ಅದೇ ಪಾಠ. ಆಯಸ್ಕಾಂತ ಎಷ್ಟೇ ಬಲವಾಗಿರಲಿ, ಸುಮ್ಮನೆ ಕೂತಿದ್ದರೆ ವಿದ್ಯುತ್ ಹುಟ್ಟುವುದಿಲ್ಲ. ಆಯಸ್ಕಾಂತ ಚಲಿಸಬೇಕು, ಇಲ್ಲವೇ ತಂತಿ ಚಲಿಸಬೇಕು, ಒಟ್ಟಿನಲ್ಲಿ ಬದಲಾವಣೆ ಬೇಕು. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುವುದು ಈ ಚಲನೆಗಾಗಿಯೇ.

ಅಕ್ಟೋಬರ್ 28ರಂದು 12 ಅಂಗುಲದ ತಾಮ್ರದ ತಟ್ಟೆಯೊಂದನ್ನು ದೊಡ್ಡ ಆಯಸ್ಕಾಂತದ ಧ್ರುವಗಳ ನಡುವೆ ತಿರುಗಿಸಿ, ಅಂಚಿಗೂ ಅಚ್ಚಿಗೂ ಲೋಹದ ತುಂಡುಗಳನ್ನು ತಾಗಿಸಿ ಹಿಡಿದಾಗ ಎಡೆಬಿಡದೆ ವಿದ್ಯುತ್ ಹರಿಯಿತು. ತಿರುಗುವ ಅಂಚಿಗೆ ಉಜ್ಜಿಕೊಂಡು ನಿಂತ ಆ ತುಂಡೇ ನಿಮ್ಮ ಕಾರಿನ ಕಾರ್ಬನ್ ಬ್ರಶ್ಶಿನ ಮುತ್ತಜ್ಜ. ಮರುವರ್ಷ ಪ್ಯಾರಿಸ್ಸಿನ ಪಿಕ್ಸಿ ಎಂಬಾತ ಕೈಯಲ್ಲಿ ತಿರುಗಿಸುವ ಯಂತ್ರ ಮಾಡಿ, ಹಿಂದೆ ಮುಂದೆ ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಲು ಕಮ್ಯುಟೇಟರ್ ಸೇರಿಸಿದ. ಫ್ಯಾರಡೆ ಯಂತ್ರ ದೊಡ್ಡದು ಮಾಡುವ ಗೋಜಿಗೆ ಹೋಗಲಿಲ್ಲ, ಹಣದ ಹಿಂದೆಯೂ ಬೀಳಲಿಲ್ಲ.

ಮಂತ್ರಿಯೊಬ್ಬರು ಇದರಿಂದೇನು ಉಪಯೋಗ ಎಂದಾಗ, ಮುಂದೊಂದು ದಿನ ಇದಕ್ಕೆ ನೀವು ತೆರಿಗೆ ಹಾಕುತ್ತೀರಿ ಎಂದು ಫ್ಯಾರಡೆ ಉತ್ತರಿಸಿದನೆಂಬ ಕತೆಯನ್ನು ನೀವೂ ಕೇಳಿರಬಹುದು. ಅದು ಅಚ್ಚಿನಲ್ಲಿ ಕಾಣಿಸಿಕೊಂಡಿದ್ದು ಆತ ತೀರಿಕೊಂಡು ದಶಕಗಳಾದ ಮೇಲೆ. ನಂಬದಿರುವುದೇ ಒಳ್ಳೆಯದು. ಉಪಯೋಗವನ್ನಂತೂ ಆತ ಕಣ್ಣಾರೆ ಕಂಡ: 1858ರಲ್ಲಿ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭದಲ್ಲಿ ಇಂಥ ಯಂತ್ರದಿಂದ ವಿದ್ಯುತ್ ದೀಪ ಹೊತ್ತಿದಾಗ, ಅದನ್ನು ಪರೀಕ್ಷಿಸಿ ವರದಿ ಕೊಡುವ ಕೆಲಸ ದೀಪಸ್ತಂಭಗಳ ಸಲಹೆಗಾರನಾಗಿದ್ದ ಆತನದೇ ಆಗಿತ್ತು.

ಆ ಯಂತ್ರಗಳಲ್ಲಿದ್ದವು ಶಾಶ್ವತ ಆಯಸ್ಕಾಂತಗಳು. ಭಾರ ಹೆಚ್ಚು, ಬಲ ಕಡಿಮೆ. 1867ರ ಫೆಬ್ರವರಿ 14ರಂದು ರಾಯಲ್ ಸೊಸೈಟಿಯಲ್ಲಿ ಸೀಮೆನ್ಸ್ ಮತ್ತು ವೀಟ್‌ಸ್ಟನ್ ಇಬ್ಬರೂ ಒಂದೇ ದಿನ ಹೊಸ ದಾರಿ ತೋರಿಸಿದರು. ಒಮ್ಮೆ ಆಯಸ್ಕಾಂತವಾಗಿದ್ದ ಕಬ್ಬಿಣದಲ್ಲಿ ಆಮೇಲೂ ಚೂರು ಆಯಸ್ಕಾಂತತೆ ಉಳಿದಿರುತ್ತದೆ. ಆರ್ಮೇಚರ್ ತಿರುಗಿದಾಗ ಅದರಿಂದ ಚೂರು ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತನ್ನು ಕಬ್ಬಿಣದ ಸುತ್ತಲಿನ ಫೀಲ್ಡ್ ಕಾಯಿಲ್‌ಗೆ ಕೊಟ್ಟರೆ ಆಯಸ್ಕಾಂತ ಬಲವಾಗುತ್ತದೆ, ಅದರಿಂದ ಇನ್ನಷ್ಟು ವಿದ್ಯುತ್. ಮೊಸರಿಗೆ ಹೆಪ್ಪು ಹಾಕಿದಂತೆ!

ಅಷ್ಟರಲ್ಲಿ ಫ್ಯಾರಡೆಗೆ ನೆನಪಿನ ಶಕ್ತಿ ಕುಂದಿತ್ತು. ವರ್ಷಗಳಿಂದ ಕಾಡುತ್ತಿದ್ದ ಮರೆವು ಕೆಲಸವನ್ನೇ ಬಿಡಿಸಿತ್ತು. ನೈಟ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಬೇಡವೆಂದಿದ್ದ ಆತ, ರಾಣಿ ಉಳಿದುಕೊಳ್ಳಲು ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ 1867ರ ಆಗಸ್ಟ್ 25ರಂದು ತೀರಿಕೊಂಡ.

ಈಗ ನಿಮ್ಮ ಕಾರಿಗೆ ಬನ್ನಿ. ಬಹಳ ಕಾಲ ಸುಮ್ಮನಿದ್ದ ಅಥವಾ ಬಿಚ್ಚಿ ಜೋಡಿಸಿದ ಡೈನಮೊದಲ್ಲಿ ಆ ಹೆಪ್ಪು ಕಳೆದುಹೋಗಿರಬಹುದು. ಆಗ ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಬ್ಯಾಟರಿಯ ತಂತಿ ಮುಟ್ಟಿಸಿದ ಆ ಕ್ಷಣ ಫೀಲ್ಡ್ ಕಾಯಿಲ್ ಒಳಗಿನ ಕಬ್ಬಿಣ ಮತ್ತೆ ಆಯಸ್ಕಾಂತವಾಗುತ್ತದೆ, ತಂತಿ ತೆಗೆದ ಮೇಲೂ ಒಂದಿಷ್ಟು ಉಳಿಯುತ್ತದೆ. ಆದರೆ ದಿಕ್ಕು ಮುಖ್ಯ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿರುವುದುಂಟು. ಅದನ್ನು ನೋಡದೆ ತಪ್ಪು ತುದಿ ಮುಟ್ಟಿಸಿದರೆ ಡೈನಮೊ ಉಲ್ಟಾ ಕರೆಂಟ್ ಕೊಟ್ಟು ಕಟೌಟಿನ ಪಾಯಿಂಟುಗಳು ಸುಟ್ಟುಹೋಗಬಹುದು. ಹಾಗಾಗಿ ತಂತಿ ಮುಟ್ಟಿಸುವ ಮುಂಚೆ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಿ, ಇನ್ನೊಂದು ತುದಿಯಿಂದ ತಂತಿ ತನ್ನಿ.