ಹರಳು ಹಿಡಿದ ಕೈಗಳು

ಪ್ರೋಟೀನಿನ ಹರಳು ಉಪ್ಪು, ಸಕ್ಕರೆಗಳ ಹರಳಿನಂಥದಲ್ಲ. ಅದರ ಒಡಲಿನ ಸುಮಾರು ಅರ್ಧ ಭಾಗ ದ್ರವವೇ. ತಾನು ಬೆಳೆದ ದ್ರಾವಣದಿಂದ ಹೊರಬಂದು ಗಾಳಿಗೆ ಒಣಗಿದರೆ ಅಣುಗಳ ಜೋಡಣೆ ಕದಡಿಹೋಗುತ್ತದೆ. ಆಮೇಲೆ ಕ್ಷ-ಕಿರಣ ಹಾಯಿಸಿದರೂ ಅಚ್ಚುಕಟ್ಟಾದ ಚುಕ್ಕೆಗಳ ವಿನ್ಯಾಸ ಮೂಡುವುದಿಲ್ಲ.

1934ರಲ್ಲಿ ಕೇಂಬ್ರಿಜ್‌ನ ಜೆ.ಡಿ. ಬರ್ನಾಲ್ ಅವರಿಗೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಳೆದ ಪೆಪ್ಸಿನ್ ಹರಳುಗಳು ದೊರೆತವು. ಅವರು ಹರಳನ್ನು ದ್ರಾವಣದ ಸಮೇತ ಕೂದಲೆಳೆಯಂಥ ಗಾಜಿನ ನಳಿಕೆಗೆ ಸೇರಿಸಿ ಬಾಯಿ ಮುಚ್ಚಿದರು. ಚುಕ್ಕೆಗಳು ಸ್ಪಷ್ಟವಾಗಿ ಮೂಡಿದವು. ಪ್ರೋಟೀನಿಗೂ ನಿಶ್ಚಿತವಾದ ರಚನೆಯಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷ್ಯವಾಯಿತು. ಅಂದು ಅವರ ಸಂಶೋಧನಾ ವಿದ್ಯಾರ್ಥಿನಿ ಡೊರೊಥಿ ಕ್ರೌಫುಟ್ ಪ್ರಯೋಗಾಲಯದಲ್ಲಿರಲಿಲ್ಲ. ಕೈಬೆರಳುಗಳ ನೋವಿಗೆ ವೈದ್ಯರನ್ನು ಕಾಣಲು ಲಂಡನ್ನಿಗೆ ಹೋಗಿದ್ದರು. ಅದು ಸಂಧಿವಾತ, ಜೀವಮಾನವಿಡೀ ಬಿಡಲಿಲ್ಲ.

ಮುಂದೆ ಡೊರೊಥಿ ಹಾಡ್ಜ್‌ಕಿನ್ ಎಂದು ಪ್ರಸಿದ್ಧರಾದ ಈಕೆ ಹುಟ್ಟಿದ್ದು 1910ರಲ್ಲಿ, ಕೈರೋದಲ್ಲಿ. ತಂದೆ ಶಿಕ್ಷಣ ಇಲಾಖೆಯ ಅಧಿಕಾರಿ, ಪುರಾತತ್ತ್ವದಲ್ಲಿ ಆಸಕ್ತರು. 1934ರಲ್ಲೇ ಆಕ್ಸ್‌ಫರ್ಡಿಗೆ ಮರಳಿದ ಡೊರೊಥಿಯವರಿಗೆ ದೊರೆತದ್ದು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಒಂದು ಮಂಕು ಕೋಣೆ. ಬೆಳಕಿನ ಕಿಟಕಿ ಬಹಳ ಎತ್ತರದಲ್ಲಿತ್ತು. ಅಲ್ಲಿನ ಅಟ್ಟಣೆಯಲ್ಲಿ ನಿಂತು ಹರಳನ್ನು ಅಣಿಗೊಳಿಸಿ, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಏಣಿಯನ್ನು ಆಧರಿಸಿಕೊಂಡು ಅವರು ಇಳಿಯುತ್ತಿದ್ದರು. ಊದಿಕೊಂಡ ಬೆರಳುಗಳ ಹೆಣ್ಣುಮಗಳೊಬ್ಬಳಿಗೆ ಇದು ಎಂಥ ಕೆಲಸವಾಗಿತ್ತೆಂಬುದನ್ನು ಓದುಗರೇ ಊಹಿಸಬಹುದು.

1945ರಲ್ಲಿ ಪೆನಿಸಿಲಿನ್‌ನ ರಚನೆ, 1950ರ ದಶಕದ ನಡುವಿನಲ್ಲಿ ಬಿ12 ಜೀವಸತ್ವದ್ದು, 1964ರಲ್ಲಿ ರಸಾಯನ ವಿಜ್ಞಾನದ ನೊಬೆಲ್. ಇವು ಸಾಕಷ್ಟು ಪ್ರಚಾರ ಪಡೆದಿವೆ. ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ಸುಲಿನ್. ಅದರ ಹರಳಿನ ಮೊದಲ ಚಿತ್ರವನ್ನು ಅವರು ತೆಗೆದದ್ದು 1935ರಲ್ಲಿ. ಪರಮಾಣುಗಳ ಜೋಡಣೆ ಬಿಡಿಸಿಕೊಂಡದ್ದು 1969ರಲ್ಲಿ. 34 ವರ್ಷಗಳು! ಚುಕ್ಕೆಗಳ ತೀವ್ರತೆಯಷ್ಟೇ ಸಾಲದು, ಅಲೆಗಳ ಹಂತವೂ ತಿಳಿಯಬೇಕು. ಅದಕ್ಕೆ ಹರಳಿನೊಳಕ್ಕೆ ಭಾರಲೋಹದ ಪರಮಾಣುಗಳನ್ನು ಸೇರಿಸುವ ವಿಧಾನ ರೂಢಿಗೆ ಬರಬೇಕಿತ್ತು. ಲೆಕ್ಕ ಹಾಕಲು ಸಮರ್ಥ ಗಣಕಗಳು ಬೇಕಿದ್ದವು. ಸರಕಾರಿ ಕಡತಗಳೊಡನೆ ಆಯುಷ್ಯ ಕಳೆದ ನನಗೆ ಅನುಮಾನವಿಲ್ಲ: ನಮ್ಮಲ್ಲಾಗಿದ್ದರೆ ಐದನೆಯ ವರ್ಷಕ್ಕೇ ಪ್ರಗತಿ ಶೂನ್ಯವೆಂಬ ಷರಾ ಬರೆದು ಅನುದಾನ ನಿಲ್ಲಿಸುತ್ತಿದ್ದೆವು. ಅವರಿಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ದೊರೆಯಿತು.

ಈಗ ಹರಳನ್ನು ನೈಲಾನಿನ ಪುಟ್ಟ ಕುಣಿಕೆಯಲ್ಲಿ ಎತ್ತಿ, ದ್ರವ ಸಾರಜನಕದಲ್ಲಿ ಥಟ್ಟನೆ ಹೆಪ್ಪುಗಟ್ಟಿಸುತ್ತಾರೆ. ಮೈಕ್ರಾನುಗಳ ಲೆಕ್ಕದ ಹರಳುಗಳೂ ಸಾಕಾಗುತ್ತವೆ. ಆದರೂ ಅದು ಒಣಗಬಾರದೆಂಬ ನಿಯಮ ಬದಲಾಗಿಲ್ಲ.

1969ರ ಇನ್ಸುಲಿನ್ ತಂಡದಲ್ಲಿ ಎಂ. ವಿಜಯನ್ ಎಂಬ ಭಾರತೀಯ ತರುಣರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿ ಆಕ್ಸ್‌ಫರ್ಡಿಗೆ ಹೋಗಿದ್ದ ಅವರು 1971ರಲ್ಲಿ ಅದೇ ಸಂಸ್ಥೆಗೆ ಮರಳಿ, ಪ್ರೋಟೀನ್ ಹರಳುಗಳ ಅಧ್ಯಯನವನ್ನು ನಮ್ಮ ದೇಶದಲ್ಲಿ ನೆಲೆಗೊಳಿಸಿದರು. ಅವರ ತಂಡ ಬಿಡಿಸಿದ ಕಡಲೆಕಾಯಿಯ ಲೆಕ್ಟಿನ್ ಪ್ರೋಟೀನಿನ ರಚನೆ 1994ರಲ್ಲಿ ಪ್ರಕಟವಾಯಿತು. ಡೊರೊಥಿ ತೀರಿಕೊಂಡದ್ದೂ ಅದೇ ವರ್ಷದ ಜುಲೈನಲ್ಲಿ.